ಸೊಂಟದ ಅಂಕ

ವಾಸುದೇವನ ಸೊಂಟನೋವಿಗೆ ಮೊದಲ ಸಲ ಅಂಕ ಬಿದ್ದದ್ದು ಸೂರತ್‌ನ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ. ನೂರಕ್ಕೆ ನಲವತ್ತಾರು. ಶಾಲೆಯಲ್ಲಾದರೆ ಪಾಸು. ಇಲ್ಲಿ ಅಂಕ ಹೆಚ್ಚಾದಷ್ಟೂ ಕೆಟ್ಟದ್ದು ಎಂದು ಅಲ್ಲಿನ ಮೇಡಂ ತಿಳಿಸಿ ಹೇಳಿದರು. ಅವರು ಅಳೆಯುವುದು ಬರೀ ನೋವನ್ನಲ್ಲ, ನೋವಿನಿಂದಾಗಿ ಮನುಷ್ಯನ ಯಾವ ಯಾವ ಕೆಲಸ ನಿಂತುಹೋಗಿದೆ ಎಂಬುದನ್ನು. ತಾನೇ ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಭಾರ ಎತ್ತುತ್ತಾನೆಯೇ, ಎಷ್ಟು ಹೊತ್ತು ಕೂರುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ, ರಾತ್ರಿ ನಿದ್ದೆ ಬರುತ್ತದೆಯೇ, ಪ್ರಯಾಣ ಮಾಡುತ್ತಾನೆಯೇ. ಒಂದೊಂದು ಪ್ರಶ್ನೆಗೂ ಹಲವು ಉತ್ತರಗಳು. ತನಗೆ ಹೊಂದುವುದನ್ನು ರೋಗಿಯೇ ಆರಿಸಬೇಕು. ಎಲ್ಲ ಕೂಡಿಸಿದಾಗ ಇಪ್ಪತ್ತರೊಳಗೆ ಬಂದರೆ ದೊಡ್ಡ ತೊಂದರೆ ಇಲ್ಲ, ಮಾಮೂಲಿನಂತೆ ಕೆಲಸ ಮಾಡಬಹುದು.

ಕ್ಲಿನಿಕ್‌ಗೆ ಅವನನ್ನು ಕರೆದುಕೊಂಡು ಹೋದವನು ಹರೀಶ್, ವಾಸುದೇವನ ಹೆಂಡತಿ ಯಶೋದಾಳ ತಮ್ಮ. ಬಟ್ಟೆ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಹರೀಶನ ಉಡುಪಿ ಹೋಟೆಲು. ಅಲ್ಲಿ ದೋಸೆ ಕಾವಲಿಯ ಮುಂದೆ ವಾಸುದೇವ ನಿಂತದ್ದು ಮದುವೆಯಾದ ವರ್ಷ. ಈಗ ಮಗಳು ಓದು ಮುಗಿಸುವ ಹೊತ್ತು. ನಡುವೆ ಕುಳಿತದ್ದು ಕಡಿಮೆ.

ಕೊನೆಗೆ ಮೇಡಂ ದನಿ ತಗ್ಗಿಸಿ, ವಾಸುದೇವನನ್ನು ಬಿಟ್ಟು ಹರೀಶನಿಗೆ ಗುಜರಾತಿಯಲ್ಲಿ ಏನೋ ಹೇಳಿದರು. ಹೊರಗೆ ಬಂದು ಸ್ಕೂಟರ್ ಹತ್ತುವಾಗ ಹರೀಶ್ ಅದನ್ನು ಭಾವನಿಗೆ ದಾಟಿಸಿದ. ಭಾವ, ಭಾವಮೈದ ಮಾತಾಡುವುದೇ ತಮಾಷೆಯಲ್ಲಿ.

"ಭಾವ, ಮೂತ್ರ ನಿಂತ್ರೆ ಕೂಡ್ಲೇ ಓಡಿ ಬರ್ಬೇಕಂತೆ. ಕುಂಡೆ ಜೋಮು ಹಿಡಿದ್ರೂ ಬರ್ಬೇಕಂತೆ. ಒಂದು ಗಳಿಗೆ ತಡ ಮಾಡ್ಲಿಕ್ಕಿಲ್ಲ ಅಂತ."

"ನಿನ್ನ ಹೋಟ್ಲಿನ ಸಾಂಬಾರು ಕುಡಿದವನಿಗೆ ಮೂತ್ರ ನಿಲ್ಲುದುಂಟಾ?" ಎಂದ ವಾಸುದೇವ. "ಅರ್ಧ ನೀರೇ ಅಲ್ವಾ ಅದು."

ಇಬ್ಬರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು. ಮನೆಗೆ ಬಂದು ಯಶೋದಾಳಿಗೆ ಹೇಳುವಂಥ ಮಾತು ಅದು ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಹೆಂಗಸರ ಮುಂದೆ ಆಡುವ ಮಾತೂ ಅಲ್ಲ.

ದಾರಿಯಲ್ಲಿ ಹರೀಶ್ ಇನ್ನೊಂದು ವಿಷಯ ಹೇಳಿದ, ಅದರಲ್ಲಿ ತಮಾಷೆ ಇರಲಿಲ್ಲ. ಅಹಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ನಡುವೆ, ಅವನು ಎರಡನೆಯ ಹೋಟೆಲು ತೆರೆಯುವವನಿದ್ದ. ಪಾಳಿ ಮುಗಿಸಿ ಬರುವ ಜನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವಂಥ ಜಾಗ. ಅದರ ಅಡುಗೆಮನೆ ಪೂರ್ತಿ ಭಾವನ ಕೈಗೆ ಕೊಟ್ಟು, ಅವನನ್ನು ಪಾಲುದಾರನನ್ನಾಗಿ ಮಾಡುವುದು ಎಂದು ಹಿಂದೆಯೇ ಮಾತಾಗಿತ್ತು. ಈಗ ಹರೀಶ್ ಹೇಳಿದ್ದು ಇಷ್ಟೆ: ಸೊಂಟದ ಅಂಕ ಇಪ್ಪತ್ತರೊಳಗೆ ಇಳಿದರೆ ಮಾತು ಮಾತೇ. ಇಳಿಯದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಭಾವನ ಸೊಂಟ ಮುರಿದ ಪಾಪ ನನಗೆ ಬೇಡ.

ಹರೀಶ್ ಕೆಟ್ಟವನಲ್ಲ. ಸಂಬಂಧದವರನ್ನು ದುಡಿಸಿಕೊಳ್ಳುವವನಿಗೆ ಕೆಲಸಗಾರನ ಆರೋಗ್ಯ ಕಣ್ಣಂದಾಜಿಗೆ ಸಿಗುವುದಿಲ್ಲ. ಹೆಚ್ಚು ವಿಚಾರಿಸಿದರೆ ತೆಗೆದುಹಾಕಲು ನೋಡುತ್ತಾನೆ ಎನ್ನುತ್ತಾರೆ, ವಿಚಾರಿಸದಿದ್ದರೆ ಕಣ್ಣಿಲ್ಲದವನು ಎನ್ನುತ್ತಾರೆ. ಹೊರಗಿನವರು ಕೊಟ್ಟ ಅಂಕ ಇದ್ದರೆ ಯಾರ ಮುಖವೂ ಕೆಡುವುದಿಲ್ಲ ಎಂದು ಅವನು ಎಣಿಸಿದ್ದ.

ಪ್ರತಿ ವಾರ ಕ್ಲಿನಿಕ್‌ನಿಂದ ಫೋನಿಗೆ ಆ ಪ್ರಶ್ನೆಗಳು ಬರತೊಡಗಿದವು. ವಾಸುದೇವನಿಗೆ ಗುಜರಾತಿ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಮಗಳು ಪ್ರಾರ್ಥನಾಳ ನಂಬರು ಕೊಟ್ಟಿದ್ದರು. ಅವಳು ವಡೋದರಾದಲ್ಲಿ ಎಂ.ಕಾಂ. ಓದುತ್ತ, ಇನ್ನೊಬ್ಬ ಕನ್ನಡದ ಹುಡುಗಿಯ ಜೊತೆ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದಳು. ಭಾನುವಾರ ಮಧ್ಯಾಹ್ನ, ಹೋಟೆಲಿನ ರಶ್ಶು ಇಳಿದ ಮೇಲೆ, ಅಪ್ಪನಿಗೆ ಫೋನ್ ಮಾಡಿ ಒಂದೊಂದೇ ಪ್ರಶ್ನೆ ಕೇಳಿ ತುಂಬಿಸುತ್ತಿದ್ದಳು. ಸೂರತ್‌ನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಪ್ಪ ಅಮ್ಮನ ಮಟ್ಟಿಗೆ ಸಾಕಾಗುವಷ್ಟು.

"ಅಪ್ಪ, ಡ್ರೆಸ್ ಹಾಕ್ಲಿಕ್ಕೆ ಪ್ರಾಬ್ಲಂ ಉಂಟಾ?"

"ಇಲ್ಲ ಮಗಾ. ಎಂತ ಪ್ರಾಬ್ಲಂ?"

ಪಕ್ಕದಲ್ಲಿ ಮಲ್ಲಿಗೆ ಇಡ್ಲಿಗೆ ಅಕ್ಕಿ ತೊಳೆಯುತ್ತಿದ್ದ ಯಶೋದಾ ತಲೆ ಎತ್ತಿ ಗಂಡನನ್ನು ನೋಡಿದಳು. ಬೆಳಿಗ್ಗೆ ಅವನನ್ನು ಮಂಚದ ಅಂಚಿಗೆ ಕೂರಿಸಿ, ಪ್ಯಾಂಟಿನ ಕಾಲುಗಳನ್ನು ಬಳೆಯಂತೆ ಮಡಚಿ ಹಿಡಿದು, ಅವನ ಪಾದಗಳನ್ನು ಒಂದೊಂದಾಗಿ ತೂರಿಸಿ, ಎತ್ತಿ ನಿಲ್ಲಿಸಿ, ಸೊಂಟದ ಬೆಲ್ಟ್ ಬಿಗಿದವಳು ಅವಳೇ. ಸ್ನಾನದಲ್ಲಿ ಮೊಣಕಾಲಿನಿಂದ ಕೆಳಗೆ ಸೋಪು ಹಚ್ಚುವವಳೂ ಅವಳೇ. ಹಿಟ್ಟಿನ ಪಾತ್ರೆಯನ್ನು ಗ್ರೈಂಡರ್‌ನಿಂದ ಕಾವಲಿಯ ಹತ್ತಿರ ತರುವವನು ಹೋಟೆಲಿನ ಅಡುಗೆಮನೆಯಲ್ಲಿ ಜೊತೆಗಿದ್ದ ಮಾಧವ. ಫೋನಿನಲ್ಲಿ ಭಾರ ಎತ್ತುವ ಪ್ರಶ್ನೆ ಬಂತು. ಅದಕ್ಕೂ ಏನೂ ತೊಂದರೆ ಇಲ್ಲ ಎಂದ ವಾಸುದೇವ.

ಫೋನ್ ಇಟ್ಟ ಮೇಲೆ, ತೊಂದರೆ ಇಲ್ಲ ಎಂದು ಯಾಕೆ ಹೇಳಿದಿರಿ ಎಂದು ಅವಳು ಕೇಳಿದಳು. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನೀನು ಇದ್ದೀಯಲ್ಲ. ನನಗೆಂತ ತೊಂದರೆ?"

ಅದು ಸುಳ್ಳಾಗಿರಲಿಲ್ಲ. ಅವನ ಲೆಕ್ಕದಲ್ಲಿ ಹೆಂಡತಿಯ ಕೈ ಬೇರೆ ಕೈಯಲ್ಲ. ಅವನ ಅಪ್ಪನಿಗೂ ಅಮ್ಮ ಹೀಗೆಯೇ ಮಾಡಿದ್ದಳು. ಅಪ್ಪನ ಕೈಲಾಗುವುದಿಲ್ಲ ಎಂದು ಆಗ ಯಾರೂ ಅಂದಿರಲಿಲ್ಲ. ಹೇಳಿದರೆ ತಾನು ಮಾಡಿದ್ದನ್ನು ಎತ್ತಿ ಆಡಿದಂತಾಗುತ್ತದೆ ಎನಿಸಿ ಯಶೋದಾ ಅಕ್ಕಿಯ ನೀರು ಚೆಲ್ಲಿದಳು.

ಮುಂದಿನ ಅಂಕ ಮೂವತ್ತೆಂಟು. ಅದರ ಮುಂದಿನದು ಇನ್ನೂ ಕೆಳಗೆ. ಪ್ರಾರ್ಥನಾ ಎಲ್ಲವನ್ನೂ ಗೆರೆಯಲ್ಲಿ ಜೋಡಿಸಿ, ಬೆಟ್ಟದಿಂದ ಇಳಿಯುವ ದಾರಿಯಂಥ ಚಿತ್ರ ಮಾಡಿ ಕಳಿಸಿದಳು. ಹರೀಶ್ ಅದನ್ನು ಕ್ಯಾಶ್ ಕೌಂಟರಿನಲ್ಲಿ ಕುಳಿತು ಬಂದವರಿಗೆಲ್ಲ ತೋರಿಸಿದ.

ಒಂದು ಮಾತು ಇಲ್ಲಿ ಹೇಳಬೇಕು. ನೋವು ನಿಜವಾಗಿಯೂ ಕಡಿಮೆಯಾಗುತ್ತಿತ್ತು. ಮೊದಲು ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಿಗೆ ಎಳೆದಂತೆ ಆಗುತ್ತಿದ್ದುದರಿಂದ ಅವನು ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಿದ್ದ. ಈಗ ಮಲಗಿದರೆ ಬೆಳಗಿನವರೆಗೆ ನಿದ್ದೆ. ಯಶೋದಾಳಿಗೂ ಸಮಾಧಾನವೇ ಆಯಿತು. ಊರಿನ ದೇವರಿಗೆ ಹರಕೆಯನ್ನೂ ಹೇಳಿಕೊಂಡಳು.

ಆಮೇಲೆ ಚಪ್ಪಲಿಯ ಸಂಗತಿ. ಒಂದು ಬೆಳಿಗ್ಗೆ ಹೋಟೆಲಿಗೆ ಹೊರಟಾಗ ಅವಳು ಹಿಂದೆ ಬರುತ್ತಿದ್ದಳು. ಗಲ್ಲಿಯ ನಡುವೆ ಅವನ ಬಲಗಾಲಿನ ಚಪ್ಪಲಿ ಕಳಚಿ ಬಿತ್ತು. ಅವನು ನಿಲ್ಲಲಿಲ್ಲ. ಬರಿಗಾಲಿನಲ್ಲಿ ಮುಖ್ಯರಸ್ತೆಯವರೆಗೆ ಹೋದ, ಅಲ್ಲಿ ಆಟೋದವನೊಬ್ಬ ನೋಡಿ ನಕ್ಕಾಗ ತಾನೂ ನಕ್ಕ. ಯಶೋದಾ ಚಪ್ಪಲಿ ಹಿಡಿದುಕೊಂಡು ಬಂದಳು. ನೆಲ ಆಗಲೇ ಬಿಸಿಯಾಗಿತ್ತು.

ಮತ್ತೊಂದು ದಿನ ಸಾಂಬಾರಿನ ಪಾತ್ರೆ ತುಳುಕಿ ಅವನ ಪಾದದ ಮೇಲೆ ಬಿತ್ತು. ಮಾಧವ ಕೂಗಿ ಹಿಂದಕ್ಕೆ ಹಾರಿದ. ವಾಸುದೇವ ಕೆಳಗೆ ನೋಡಿ, ಸಟ್ಟುಗ ಹಿಡಿದಿದ್ದ ಕೈಯಿಂದಲೇ ದೋಸೆ ಮಗುಚಿ, ನೀರು ತಾ ಎಂದ. ಅವನ ಧೈರ್ಯವನ್ನು ಎಲ್ಲರೂ ಹೊಗಳಿದರು. ಸಂಜೆ ಗುಳ್ಳೆ ಎದ್ದ ಚರ್ಮಕ್ಕೆ ಮುಲಾಮು ಹಚ್ಚುವಾಗ ಯಶೋದಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಟಿ.ವಿ. ನೋಡುತ್ತಿದ್ದ. ಬೆರಳು ಗುಳ್ಳೆಯ ಮೇಲೆ ತುಸು ಜೋರಾಗಿಯೇ ಒತ್ತಿತು. ಅವನು ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

ಮೂರನೆಯದು ನಲ್ಲಿಯ ಸದ್ದು. ಬಚ್ಚಲಿಗೆ ಹೋದರೆ ಅವನು ಬೇಗ ಹೊರಗೆ ಬರುತ್ತಿರಲಿಲ್ಲ. ಒಳಗೆ ನಲ್ಲಿ ಸುರಿಯುತ್ತಲೇ ಇರುತ್ತಿತ್ತು. ಮಗುವಿಗೆ ಮೂತ್ರ ಬರಿಸಲು ತಾಯಂದಿರು ಬಾಯಲ್ಲಿ ಸದ್ದು ಮಾಡುವುದು, ನೀರು ಬಿಡುವುದು ಅವಳಿಗೆ ಗೊತ್ತು. ಆದರೆ ಗಂಡ ಬಚ್ಚಲಲ್ಲಿ ಅದಕ್ಕಾಗಿ ನಲ್ಲಿ ಬಿಡುತ್ತಾನೆ ಎಂದು ಅವಳಿಗೆ ಹೊಳೆಯಬೇಕಾದರೆ, ಮೇಡಂ ಹೇಳಿದ ಎಚ್ಚರಿಕೆ ಅವಳ ಕಿವಿಗೂ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ನೀರು ಪೋಲಾಗುತ್ತದೆ ಎಂದು ಬಾಗಿಲು ಬಡಿದಳು. ಬಂದೆ ಎಂದ.

ಆ ಭಾನುವಾರ ಅಂಕ ಹದಿನೆಂಟು.

ಹರೀಶ್ ಹೋಟೆಲಿನವರಿಗೆಲ್ಲ ಸಿಹಿ ಹಂಚಿದ. ನರೋಡಾದ ಹೋಟೆಲಿನ ಗಣಹೋಮಕ್ಕೆ ದಿನ ಗೊತ್ತಾಯಿತು, ಪುರೋಹಿತರಿಗೆ ಟಿಕೆಟ್ ಆಯಿತು. ಹೋಟೆಲಿನ ಮೇಲೆ ಕೆಲಸದವರಿಗೆ ಒಂದೇ ದೊಡ್ಡ ಕೋಣೆ ಇದ್ದುದರಿಂದ ಸದ್ಯಕ್ಕೆ ಭಾವ ಒಬ್ಬನೇ ಹೋಗುವುದು, ಮನೆ ಸಿಕ್ಕಿದ ಮೇಲೆ ಅಕ್ಕ ಹೋಗುವುದು ಎಂದು ನಿರ್ಧಾರವಾಯಿತು. ವಾಸುದೇವ ಹೊಸ ಅಂಗಿ ಹೊಲಿಸಿದ. ಪಾಲುದಾರನಾಗುವವನು ಉದ್ಘಾಟನೆಯ ದಿನ ಬನಿಯನ್‌ನಲ್ಲಿ ನಿಲ್ಲಲಾಗುತ್ತದೆಯೇ.

ಒಬ್ಬನೇ ಎಂಬ ಮಾತು ಕೇಳಿದಾಗ ಯಶೋದಾ ಆ ಅಂಕವನ್ನು ಮತ್ತೆ ಲೆಕ್ಕ ಹಾಕಿದಳು. ಹದಿನೆಂಟು ಎಂಬುದು ಇಬ್ಬರ ಅಂಕ. ಅವನ ಅರ್ಧ, ತನ್ನ ಅರ್ಧ. ಅವನು ಒಬ್ಬನೇ ಹೋದರೆ ತನ್ನ ಅರ್ಧ ಸೂರತ್‌ನಲ್ಲಿ ಉಳಿಯುತ್ತದೆ. ನರೋಡಾದ ಮೊದಲ ಬೆಳಗು, ಮೇಲಿನ ಕೋಣೆಯಲ್ಲಿ, ಅಪರಿಚಿತರ ನಡುವೆ ಪ್ಯಾಂಟು ಹಿಡಿದುಕೊಂಡು ಅವನು ಮಂಚದ ಅಂಚಿನಲ್ಲಿ ಕುಳಿತಿರುವುದು ಅವಳ ಕಣ್ಣಿಗೆ ಕಟ್ಟಿತು.

ತಮ್ಮನಿಗೆ ಹೇಳಲು ಹೋದಳು. ಹರೀಶ್ ಹೋಮದ ಸಾಮಾನು ಹೊಂದಿಸುತ್ತಿದ್ದ.

"ಅಕ್ಕ, ಅಂಕ ನಾನು ಹಾಕಿದ್ದಾ? ಭಾವನೇ ಹೇಳಿದ್ದು, ನಿನ್ನ ಮಗಳೇ ಬರೆದದ್ದು, ಕ್ಲಿನಿಕ್‌ನವ್ರು ಕೂಡಿಸಿದ್ದು. ಈಗ ಬೇಡ ಅಂದ್ರೆ ಭಾವ ನನ್ನ ಮುಖ ನೋಡ್ತಾನಾ?"

ಅದೂ ಸರಿಯೇ. ಗಂಡನಿಗೆ ಹೇಳಿದಳು. ಅವನು ಆ ದಿನ ಮೊದಲ ಸಲ ಅವಳ ಮೇಲೆ ರೇಗಿದ. ಇಷ್ಟು ವರ್ಷ ತಮ್ಮನ ಕಾವಲಿಯ ಮುಂದೆ ನಿಂತದ್ದು ಸಾಕಾಗಲಿಲ್ಲವಾ, ನಿನಗೂ ನಾನು ಯಾವಾಗಲೂ ನಿನ್ನ ತಮ್ಮನ ಆಳಾಗಿಯೇ ಇರಬೇಕಾ ಎಂದು ಕೇಳಿದ. ಮತ್ತೆ ಊಟಕ್ಕೆ ಬಂದು ಕುಳಿತಾಗ ಕುರ್ಚಿಯ ಅಂದಾಜು ತಪ್ಪಿ ಅರ್ಧ ಅಂಚಿಗೆ ಕುಳಿತ. ಅವಳು ಹಿಡಿಯದಿದ್ದರೆ ಬೀಳುತ್ತಿದ್ದ. ಕುಳಿತದ್ದು ಎಲ್ಲಿ ಎಂದು ಅವನಿಗೆ ತಿಳಿದಿರಲಿಲ್ಲ.

ಕೊನೆಗೆ ಮಗಳಿಗೆ ಫೋನ್ ಮಾಡಿದಳು. ಆ ಪ್ರಶ್ನೆ ಒಮ್ಮೆ ನನಗೆ ಕೇಳು ಎಂದಳು.

ಪ್ರಾರ್ಥನಾ ನಕ್ಕಳು. "ಅಮ್ಮ, ಅದು ಪೇಷಂಟ್ ಹೇಳ್ಬೇಕು. ನೀನು ಹೇಳಿದ್ರೆ ಚೀಟಿಂಗ್ ಆಗ್ತದೆ."

ಯಶೋದಾ ವಾದ ಮಾಡಲಿಲ್ಲ. ವಾದ ಮಾಡಿ ಗೆದ್ದ ಕೆಲಸಕ್ಕಿಂತ, ಟಿಕೆಟ್ ತೆಗೆದು ಮಾಡಿದ ಕೆಲಸವೇ ಅವಳ ಜೀವನದಲ್ಲಿ ಹೆಚ್ಚು. ಮಗಳನ್ನು ನೋಡದೆ ತಿಂಗಳುಗಳಾದವು, ದಾರಿಯಲ್ಲಿ ವಡೋದರಾದಲ್ಲಿ ಇಳಿದು ಊಟ ಮಾಡಿ ಸಂಜೆಯ ಗಾಡಿಗೆ ನೀವು ಮುಂದೆ ಹೋಗಿ, ನಾನು ವಾಪಸು ಬರುತ್ತೇನೆ ಎಂದು ಗಂಡನನ್ನು ಒಪ್ಪಿಸಿದಳು. ಹರೀಶ್ ಹಿಂದಿನ ದಿನವೇ ಅಹಮದಾಬಾದಿಗೆ ಹೋಗಿದ್ದ. ಮಗಳ ಜೊತೆಗಿರುವ ಹುಡುಗಿ ಅಪೂರ್ವಾ ವಡೋದರಾದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಎಂಬುದು ಯಶೋದಾಳಿಗೆ ಗೊತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ.

ಸೂರತ್ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ ಅವನ ಬಲಗಾಲು ಮೆಟ್ಟಿಲಿಗೆ ಏರಲಿಲ್ಲ. ಅವನು ಕೈಯಿಂದ ಪ್ಯಾಂಟು ಹಿಡಿದು ಕಾಲನ್ನು ಎತ್ತಿ ಮೇಲಿಟ್ಟ, ಸಾಮಾನು ಎತ್ತಿಡುವ ಹಾಗೆ. ಗಾಡಿ ಭರೂಚ್ ಹತ್ತಿರ ನರ್ಮದೆಯ ಸೇತುವೆಯ ಮೇಲೆ ಹೋಗುವಾಗ ಅವನು ನರೋಡಾದ ಬಗ್ಗೆ ಮಾತಾಡುತ್ತಿದ್ದ. ಬೆಳಿಗ್ಗೆ ಬನ್ಸ್ ಇಡಬೇಕು, ಮೂಡೆ ಇಡಲಾಗುವುದಿಲ್ಲ, ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಕೇದಗೆ ಎಲೆ ಅಲ್ಲಿ ಸಿಗುವುದಿಲ್ಲ. ಅಂಗಿಯ ಜೇಬಿನ ಮೇಲೆ ಹೋಟೆಲಿನ ಹೆಸರು ಹೊಲಿಸಬೇಕು. ಕೇಳುತ್ತ ಯಶೋದಾ ಕಿಟಕಿಯ ಕಡೆಯಿಂದ ತಿರುಗಿದಳು. ಅವನ ಪ್ಯಾಂಟಿನ ತೊಡೆಯ ಸಂದಿಯಲ್ಲಿ ಒಂದು ಒದ್ದೆ ಕಲೆ ಸದ್ದಿಲ್ಲದೆ ದೊಡ್ಡದಾಗುತ್ತಿತ್ತು. ಅವನು ಬನ್ಸಿನ ಹಿಟ್ಟಿಗೆ ಬಾಳೆಹಣ್ಣು ಎಷ್ಟು ಎಂಬುದನ್ನು ಹೇಳುತ್ತಲೇ ಇದ್ದ.

ಅವಳು ತನ್ನ ಶಾಲನ್ನು ಅವನ ಮಡಿಲಿಗೆ ಹಾಕಿದಳು.

ಅವನು ಕೆಳಗೆ ನೋಡಿದ. ಮಾತು ನಿಂತಿತು. ನೀರಿನ ಬಾಟಲಿ ಸೋರಿದ್ದು ಎಂದ. ಬಾಟಲಿ ಮೇಲೆ ಬ್ಯಾಗಿನಲ್ಲಿತ್ತು. ಅವಳು ಹೌದು ಎಂದಳು. ಎದುರಿನ ಸೀಟಿನಲ್ಲಿ ಜನ ಇದ್ದರು.

ಪ್ರಾರ್ಥನಾಳ ಫ್ಲ್ಯಾಟು ಎರಡನೆಯ ಮಹಡಿ, ಲಿಫ್ಟ್ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಮಗಳು ಮುಂದೆ ನಡೆದು, ಏನೇನೋ ಹೇಳುತ್ತ, ತಿರುಗಿ ನೋಡಿದಳು. ಅಮ್ಮನ ಶಾಲನ್ನು ನಡುವಿಗೆ ಸುತ್ತಿಕೊಂಡ ಅಪ್ಪ ಕಂಬಿ ಹಿಡಿದು ಎಡಗಾಲಿನಿಂದ ಏರುತ್ತಿದ್ದ. ಬಲಗಾಲು ಹಿಂದಿನಿಂದ ಮೆಟ್ಟಿಲಿನ ಅಂಚಿಗೆ ಬಡಿದು ಬರುತ್ತಿತ್ತು. ಅಮ್ಮ ಅವನ ಸೊಂಟದ ಬೆಲ್ಟನ್ನು ಹಿಂದಿನಿಂದ ಹಿಡಿದು ಎತ್ತುತ್ತಿದ್ದಳು. ಗೆರೆಯ ಚಿತ್ರ ಮಾಡಿದ ಹುಡುಗಿ ತಿಂಗಳುಗಳ ಮೇಲೆ ಅಪ್ಪನನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಅಪೂರ್ವಾ ಮನೆಯಲ್ಲೇ ಇದ್ದಳು. ದಾವಣಗೆರೆ ಕಡೆಯ ಹುಡುಗಿ, ಮಾತು ಜೋರು. ಅಂಕಲ್ ಬಂದರೆ ದೋಸೆ ಹಾಕಿಸಿಕೊಳ್ಳಬೇಕು ಎಂದು ಹಿಟ್ಟು ತಂದಿಟ್ಟಿದ್ದೀನಿ ಎಂದಳು. ಬಾಗಿಲಿನಿಂದ ಕುರ್ಚಿಯವರೆಗೆ ಅವನು ನಡೆದದ್ದನ್ನು ನೋಡಿದ ಮೇಲೆ ಅವಳ ಮಾತು ತಗ್ಗಿತು.

ಯಶೋದಾ ಕೂರಲಿಲ್ಲ. ಬ್ಯಾಗು ಕೆಳಗಿಟ್ಟು ನಿಂತೇ ಅಪೂರ್ವಾಳಿಗೆ ಹೇಳಿದಳು.

"ಇವರ ಅಂಕ ಹದಿನೆಂಟು ಅಂತೆ. ಆ ಪ್ರಶ್ನೆ ಎಲ್ಲ ಈಗ ನನಗೆ ಕೇಳು ಮಗಾ. ಇವರು ಮಾತಾಡ್ಲಿಕ್ಕಿಲ್ಲ."

ವಾಸುದೇವ ಏಳಲು ನೋಡಿದ, ಆಗಲಿಲ್ಲ. ಸಂಜೆಯ ಗಾಡಿಗೆ ಹೊತ್ತಾಗುತ್ತದೆ ಎಂದ. ಅಪೂರ್ವಾ ತನ್ನ ಫೋನಿನಲ್ಲಿ ಅವೇ ಪ್ರಶ್ನೆಗಳನ್ನು ತೆಗೆದು ಓದತೊಡಗಿದಳು. ಬಟ್ಟೆ ಹಾಕುವವಳು ನಾನು ಎಂದಳು ಯಶೋದಾ. ತೊಳೆಯುವವಳು ನಾನು. ಎತ್ತುವವನು ಮಾಧವ. ಕುಳಿತಲ್ಲಿಂದ ಏಳಿಸುವವಳು ನಾನು. ಸಾಂಬಾರು ಬಿದ್ದದ್ದು, ಚಪ್ಪಲಿ ಬಿದ್ದದ್ದು, ಕುರ್ಚಿ ತಪ್ಪಿದ್ದು, ಎಲ್ಲವನ್ನೂ ಹೇಳಿದಳು. ನೋವು ಎಷ್ಟು ಎಂಬ ಪ್ರಶ್ನೆ ಬಂದಾಗ ನಿಂತಳು.

"ನೋವು ಇಲ್ಲ," ಎಂದಳು. "ಅದೇ ನನಗೆ ಹೆದರಿಕೆ."

ಅಪೂರ್ವಾ ಫೋನು ಬದಿಗಿಟ್ಟಳು. ಈಗ ಅಂಕ ಬೇಡ ಆಂಟಿ ಎಂದಳು. ಅಂಕಲ್ ಅವರನ್ನು ಮಂಚದ ಮೇಲೆ ಮಲಗಿಸಿ, ಸಾಕ್ಸ್ ತೆಗೆಸಿ, ಪಾದದ ಹತ್ತಿರ ಕುಳಿತಳು.

"ಅಂಕಲ್, ಕಣ್ಣು ಮುಚ್ಕೊಳ್ಳಿ. ನಾನು ಯಾವ ಬೆರಳು ಹಿಡಿದಿದ್ದೀನಿ, ಹೇಳ್ತಾ ಹೋಗಿ."

ಎಡಪಾದದಲ್ಲಿ ಅವನು ಒಮ್ಮೆ ಸರಿ ಹೇಳಿದ, ಒಮ್ಮೆ ತಪ್ಪು ಹೇಳಿದ. ಬಲಪಾದಕ್ಕೆ ಬಂದಳು.

"ಈಗ?"

"ಹೆಬ್ಬೆರಳು."

"ಈಗ?"

"ಕಿರುಬೆರಳು."

"ಈಗ?"

"ಅದರ ಪಕ್ಕದ್ದು. ಅಲ್ಲ, ನಡುವಿನದ್ದು."

ಕೌಂಟರಿನ ಆಚೆಯಿಂದ ಗಿರಾಕಿ ಕೇಳಿದ್ದಕ್ಕೆ ತಡವಿಲ್ಲದೆ ಉತ್ತರ ಕೊಟ್ಟು ಅಭ್ಯಾಸವಾದವನು. ವಡೆ ಬಿಸಿ ಇದೆಯಾ ಎಂದರೆ ಇದೆ ಎನ್ನುವುದು, ಎಷ್ಟು ಹೊತ್ತಾಗುತ್ತದೆ ಎಂದರೆ ಆಯಿತು ಎನ್ನುವುದು. ಅದೇ ಹುರುಪಿನಲ್ಲಿ ಅವನು ಬೆರಳುಗಳ ಹೆಸರು ಹೇಳುತ್ತ ಹೋದ. ಅಪೂರ್ವಾಳ ಎರಡು ಕೈಗಳೂ ಅವಳ ಮಡಿಲಿನಲ್ಲಿದ್ದವು. ಬಲಪಾದವನ್ನು ಅವಳು ಮುಟ್ಟಿರಲೇ ಇಲ್ಲ.

ಪ್ರಾರ್ಥನಾ ಗೋಡೆಗೆ ಒರಗಿ ಕೆಳಗೆ ಕುಳಿತಳು. ಗಂಡನ ಕಣ್ಣು ಇನ್ನೂ ಮುಚ್ಚಿತ್ತು, ತುಟಿಯಲ್ಲಿ ಪರೀಕ್ಷೆ ಚೆನ್ನಾಗಿ ಮಾಡುತ್ತಿರುವ ಹುಡುಗನ ಸಣ್ಣ ನಗು ಇತ್ತು.

"ಅಂಕಲ್," ಎಂದಳು ಅಪೂರ್ವಾ, "ನಾಚ್ಕೋಬೇಡಿ. ಮೂತ್ರ ಸರಿಯಾಗಿ ಹೋಗುತ್ತಾ? ಹೋಗೋದು ಗೊತ್ತಾಗುತ್ತಾ?"

ಅವನು ಕಣ್ಣು ತೆರೆದ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಎಲ್ಲವೂ ಸರಿ ಇದೆ ಎನ್ನಲು ಬಾಯಿ ತೆರೆದದ್ದು ಯಶೋದಾಳಿಗೆ ಕಂಡಿತು. ಆದರೆ ಅವಳ ಶಾಲು ಇನ್ನೂ ಅವನ ನಡುವಿನಲ್ಲೇ ಇತ್ತು.

"ಎರಡು ವಾರ ಆಯ್ತು," ಎಂದ. ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಮೊದಲು ನಿಂತಿತು. ಈಗ ತಾನಾಗಿ ಹೋಗ್ತದೆ. ಹರೀಶ ಹೇಳಿದ್ದ, ಹಾಗಾದ್ರೆ ಕೂಡ್ಲೇ ಬರ್ಬೇಕು ಅಂತ. ಓಪನಿಂಗ್ ಒಂದು ಮುಗೀಲಿ ಅಂತ ಇದ್ದೆ."

ಹರೀಶ ಹೇಳಿದ್ದ. ಆ ಎರಡು ಮಾತು ಯಶೋದಾಳ ಕಿವಿಯಲ್ಲಿ ಉಳಿದವು. ತಮ್ಮನಿಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು. ಬಚ್ಚಲಿನ ಬಾಗಿಲು ಬಡಿದವಳಿಗೆ ಮಾತ್ರ ಗೊತ್ತಿರಲಿಲ್ಲ. ಆದರೆ ಸಿಟ್ಟಿಗೆ ಹೊತ್ತು ಇರಲಿಲ್ಲ. ಅಪೂರ್ವಾ ಆಗಲೇ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು; ಅವಳ ದನಿಯಲ್ಲಿದ್ದ ಆತುರವೇ ಸಾಕಾಗಿತ್ತು. ಕೆಳಮನೆಯ ಇಬ್ಬರು ಗಂಡಸರು ಬಂದು ಕುರ್ಚಿಯ ಸಮೇತ ಅವನನ್ನು ಮೆಟ್ಟಿಲು ಇಳಿಸಿದರು. ಹೋಗುವಾಗ ಅವನು, ನರೋಡಾದ ಕಾವಲಿ ಹೊಸದು, ಮೊದಲ ದಿನ ಈರುಳ್ಳಿ ಉಜ್ಜದೆ ದೋಸೆ ಹಾಕಿದರೆ ಏಳುವುದಿಲ್ಲ, ಹರೀಶನಿಗೆ ಯಾರಾದರೂ ಹೇಳಿ ಎಂದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಸರ್ಜನ್ ಹಿಂದಿಯಲ್ಲಿ ಮಾತಾಡಿದರು, ಸುತ್ತಿಬಳಸಲಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆ ಹಿಂದಕ್ಕೆ ಜಾರಿ, ಕೆಳಗೆ ಇಳಿಯುವ ನರಗಳ ಗೊಂಚಲನ್ನು ಹಿಸುಕಿ ಕುಳಿತಿದೆ. ನೋವು ಹೋದದ್ದು ಗುಣವಾದದ್ದರಿಂದಲ್ಲ, ನೋವನ್ನು ತಿಳಿಸುವ ನರವೇ ಸಾಯುತ್ತಿದ್ದುದರಿಂದ. ಈಗಲೇ ಬಿಚ್ಚಿ ತೆಗೆಯಬೇಕು. ಮೂತ್ರ ನಿಂತ ಮೊದಲ ದಿನವೇ ಬಂದಿದ್ದರೆ ಹೆಚ್ಚು ಭರವಸೆ ಕೊಡಬಹುದಿತ್ತು. ಕಾಲು ಬರಬಹುದು. ಮೂತ್ರದ ಹಿಡಿತ ಬರುತ್ತದೆಯೋ ಇಲ್ಲವೋ ತಾನು ಹೇಳಲಾರೆ.

ಯಶೋದಾ ಸಹಿ ಹಾಕಿದಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು. ಅಲ್ಲಿ ಹೋಮಕ್ಕೆ ಇಟ್ಟಿಗೆ ಜೋಡಿಸುವ ಸದ್ದು ಕೇಳುತ್ತಿತ್ತು. ನಡೆದದ್ದನ್ನು ಹೇಳಿದಳು. ಮೂತ್ರದ ವಿಷಯ ಹೇಳುವಾಗ ದನಿ ತಗ್ಗಿಸಲಿಲ್ಲ.

"ನಾನು ನಿನಗೆ ಹೇಳ್ಬೇಕಿತ್ತು ಅಕ್ಕ," ಎಂದ ಹರೀಶ್. "ಈಗ್ಲೇ ಹೊರಡ್ತೇನೆ."

ಹೋಮ ಮುಗಿಸಿಯೇ ಬಾ ಎಂದಳು ಅವಳು. ಬಂದರೂ ಆಪರೇಷನ್ ಕೋಣೆಯ ಬಾಗಿಲಿನ ಹೊರಗೆ ಕೂರುವುದೇ. ಕಾವಲಿಗೆ ಬೇರೆ ಯಾರನ್ನಾದರೂ ನಿಲ್ಲಿಸಿಕೋ. ಈರುಳ್ಳಿಯ ಮಾತನ್ನೂ ಹೇಳಿ ಫೋನ್ ಇಟ್ಟಳು.

ಆಪರೇಷನ್ ಆದ ಮರುದಿನ ಬೆಳಿಗ್ಗೆ ವಾರ್ಡಿನ ಕಿಟಕಿಯಿಂದ ಬಿಸಿಲು ಬಂದಿತ್ತು. ವಾಸುದೇವ ಎಚ್ಚರವಾಗಿದ್ದ. ಮಂಚದ ಬದಿಗೆ ಮೂತ್ರದ ಚೀಲ ತೂಗುತ್ತಿತ್ತು; ಅದನ್ನು ತೆಗೆದು ನೋಡುವ ದಿನ ಇನ್ನೂ ದೂರ ಎಂದು ನರ್ಸ್ ಹೇಳಿ ಹೋಗಿದ್ದಳು. ಅಲ್ಲಿಯವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪ್ರಾರ್ಥನಾ ರಾತ್ರಿಯೆಲ್ಲ ಕುಳಿತಿದ್ದವಳು ಚಹಾ ತರಲು ಹೋಗಿದ್ದಳು. ಹೋಗುವ ಮೊದಲು ಅಪ್ಪನ ಹೊದಿಕೆ ಸರಿಮಾಡಿದ್ದಳು.

ಯಶೋದಾ ಸ್ಟೂಲನ್ನು ಕಾಲಿನ ಕಡೆಗೆ ಎಳೆದುಕೊಂಡಳು. ಹೊದಿಕೆಯೊಳಗೆ ಕೈ ಹಾಕಿ ಎಡಪಾದದ ಹೆಬ್ಬೆರಳನ್ನು ಹಿಚುಕಿದಳು. ಅವನು ಕಾಲು ಎಳೆದುಕೊಂಡ.

"ನೋಯ್ತದೆ ಮಾರಾಯ್ತಿ."

ಅವಳ ಕಣ್ಣು ತುಂಬಿತು. ಕೈ ಬಲಪಾದಕ್ಕೆ ಹೋಯಿತು. ಅಲ್ಲಿ ಸುಟ್ಟ ಗುಳ್ಳೆಯ ಸಿಪ್ಪೆ ಇನ್ನೂ ಒರಟಾಗಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಒತ್ತುತ್ತಿದ್ದಾಳೋ ಇಲ್ಲವೋ, ಯಾವ ಬೆರಳು ಹಿಡಿದಿದ್ದಾಳೆ ಎಂಬುದನ್ನು ಅವಳ ಹುಬ್ಬಿನಿಂದ, ಭುಜದಿಂದ ಓದಲು ನೋಡುತ್ತಿದ್ದ. ಅದು ಅವಳಿಗೆ ತಿಳಿಯಿತು. ಮುಖವನ್ನು ಕಿಟಕಿಗೆ ತಿರುಗಿಸಿ, ಭುಜ ಸಡಿಲ ಬಿಟ್ಟು, ಏನೂ ಕಾಣದಂತೆ ಕುಳಿತಳು. ಹೊರಗೆ ಆಸ್ಪತ್ರೆಯ ಗೇಟಿನಲ್ಲಿ ಆಟೋಗಳು ಒಂದರ ಹಿಂದೆ ಒಂದು ನಿಂತಿದ್ದವು.

"ಈಗ?" ಎಂದಳು.

ಅವನು ತುಂಬ ಹೊತ್ತು ಸುಮ್ಮನಿದ್ದ. ಹಾಗೆ ಸುಮ್ಮನಿರುವುದು ಅವನಿಗೆ ಹೊಸದು.

"ಗೊತ್ತಾಗುದಿಲ್ಲ, ಯಶೋದಾ," ಎಂದ.

ಅವಳು ಕೈ ತೆಗೆಯಲಿಲ್ಲ. ಉಗುರು ಊರುವಷ್ಟು ಗಟ್ಟಿಯಾಗಿ ಒತ್ತುತ್ತಲೇ ಇದ್ದಳು.